ಕಂದಾಯ ಬಾಕಿಗೆ ಜಪ್ತಿ ನೋಟಿಸ್ ಬಂದಿದೆ, ದೊಡ್ಡಮ್ಮನ ಮನೆ ಕೈತಪ್ಪುತ್ತಾ?

ದೊಡ್ಡಪ್ಪ ತೀರಿಕೊಂಡ ಮೇಲೆ ಕಂದಾಯ ಕಟ್ಟಿಲ್ಲ, ದೊಡ್ಡಮ್ಮ ಒಬ್ಬರೇ ಇದ್ದಾರೆ, ಈಗ ಜಪ್ತಿ ನೋಟಿಸ್ ಬಂದಿದೆ, ನೆಂಟರೆಲ್ಲ ಮನೆ ಮಾರಿಬಿಡಿ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಮೊದಲನೆಯದಾಗಿ, ಸದ್ಯಕ್ಕೆ ಅವರು ಯಾವ ಕಾಗದಕ್ಕೂ ಸಹಿ ಹಾಕದಂತೆ ನೋಡಿಕೊಳ್ಳಿ.

ಬಾಕಿಗೆ ಆಸ್ತಿ ಜಪ್ತಿ ಮಾಡಿ ಹರಾಜು ಹಾಕುವ ಅಧಿಕಾರ ಪಾಲಿಕೆಗೆ ಇದೆ. 2025ರ ಶುರುವಿನಲ್ಲಿ ಬೆಂಗಳೂರಿನ ಆಗಿನ ಪಾಲಿಕೆ ಬಿಬಿಎಂಪಿ ಹಾಗೆ ಹೊರಟಿತ್ತು ಕೂಡ. ಆದರೆ ನಮ್ಮ ಕಡೆ ಹಿರಿಯರ ಮನೆ ಹೋಗುವುದನ್ನು ನಾನು ನೋಡಿದ್ದೆಲ್ಲ ಹರಾಜಿಗೂ ಮುಂಚೆಯೇ. ನೋಟಿಸ್ ವಿಷಯ ಬೀದಿಗೆ ಗೊತ್ತಾದ ಕೂಡಲೇ ಬ್ರೋಕರ್ ಬಾಗಿಲಿಗೆ ಬರುತ್ತಾನೆ. "ಬಾಕಿ ನಾನೇ ಕಟ್ತೀನಿ ಅಮ್ಮಾ, ನೀವೊಂದು ಜಿಪಿಎ ಮಾಡಿಕೊಡಿ" ಅನ್ನುತ್ತಾನೆ. ಜಿಪಿಎ ಅಂದರೆ ನಿಮ್ಮ ಪರವಾಗಿ ಆಸ್ತಿ ವ್ಯವಹಾರ ಮಾಡುವ ಅಧಿಕಾರವನ್ನು ಇನ್ನೊಬ್ಬರಿಗೆ ಬರೆದುಕೊಡುವ ಪತ್ರ. ಹೆದರಿದವರು ಮಾಡಿಕೊಟ್ಟುಬಿಡುತ್ತಾರೆ. ಸಾವಿರಗಳ ಲೆಕ್ಕದ ಬಾಕಿಗೆ ಇಡೀ ಜೀವಮಾನದ ಸೂರು ಹೋಗುತ್ತದೆ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಆಮೇಲೆ, ನೋಟಿಸಿನಲ್ಲಿರುವ ಮೊತ್ತವನ್ನು ಹಾಗೇ ಒಪ್ಪಿಕೊಳ್ಳಬೇಡಿ. ನಮ್ಮಲ್ಲಿ ಆಸ್ತಿ ತೆರಿಗೆ ಸ್ವಯಂ ಘೋಷಣೆ ಮೇಲೆ ನಡೆಯುತ್ತದೆ. ಹಿಂದೆ ಮನೆಯವರು ಏನು ಬರೆದಿದ್ದರೋ ಅದೇ ವರ್ಷ ವರ್ಷ ಮುಂದುವರಿಯುತ್ತದೆ. ಶ್ರೀರಾಮಪುರದಲ್ಲಿ ಒಬ್ಬ ಅಜ್ಜಿಯ ಮನೆಯ ಕಾಗದ ನೋಡಲು ಹೋಗಿದ್ದೆ. ಮುಂದಿನ ಕೋಣೆಯಲ್ಲಿ ಒಂದು ಕಾಲಕ್ಕೆ ಟೈಲರ್ ಅಂಗಡಿ ಇತ್ತಂತೆ. ಶಟರ್ ತುಕ್ಕು ಹಿಡಿದಿತ್ತು. ಒಳಗೆ ಅಜ್ಜಿಯ ಮಂಚ, ಅಕ್ಕಿ ಡಬ್ಬ, ಯಜಮಾನರ ಫೋಟೋ. ಫಾರಂನಲ್ಲಿ ಮಾತ್ರ ಅದು ಇನ್ನೂ ಅಂಗಡಿಯೇ! ಹಿಂದಿನ ಭಾಗ ಬಾಡಿಗೆಗೆ ಕೊಟ್ಟಿದ್ದು ಎಂದಿತ್ತು, ಅಲ್ಲಿ ಬಾಡಿಗೆದಾರರೇ ಇರಲಿಲ್ಲ. 2008ರಲ್ಲಿ ಬಂದ, ಚದರಡಿಗೆ ಇಷ್ಟು ಎಂದು ತೆರಿಗೆ ಲೆಕ್ಕ ಹಾಕುವ ಯುನಿಟ್ ಏರಿಯಾ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ದರ ಬಾಡಿಗೆ ಮನೆಯ ದರದ ಅರ್ಧ. ಅಂಗಡಿಗೆ ಇನ್ನೂ ಜಾಸ್ತಿ. ಶೀಟ್ ಅಥವಾ ಹೆಂಚಿನ ಮನೆಗೆ ದರ ಕಡಿಮೆ, ಕಟ್ಟಡ ಹಳೆಯದಾದಷ್ಟೂ ಸವಕಳಿ, ಅಂದರೆ ಲೆಕ್ಕದಲ್ಲಿ ಕಳೆಯುವ ಭಾಗ, ಜಾಸ್ತಿ. ನಿಮ್ಮ ದೊಡ್ಡಮ್ಮನ ಫಾರಂನಲ್ಲಿ ಇವನ್ನೆಲ್ಲ ಒಂದೊಂದಾಗಿ ನೋಡಿ. ಮನೆ ಯಾವ ದರದ ವಲಯದಲ್ಲಿದೆ ಎಂದು ಬರೆದಿದೆ, ಅದನ್ನೂ ನೋಡಿ.

ತಪ್ಪು ಕಂಡರೆ ಸಹಾಯಕ ಕಂದಾಯ ಅಧಿಕಾರಿಯ ಕಚೇರಿಗೆ ಹೋಗಿ ಅರ್ಜಿ ಕೊಡಿ. ಬಾಯಿಮಾತು ಸಾಲದು. ಬೆಸ್ಕಾಂ ಬಿಲ್, ಮನೆಯ ಫೋಟೋ, ಹಳೆಯ ರಸೀದಿ, ದೊಡ್ಡಪ್ಪನ ಮರಣ ಪ್ರಮಾಣಪತ್ರ ಜೊತೆಗಿರಲಿ. ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ಬಾಕಿ ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ, ಅಲ್ಲಿವರೆಗೆ ಜಪ್ತಿ ತಡೆಯಿರಿ ಎಂದು ಅದೇ ಅರ್ಜಿಯಲ್ಲಿ ಕೇಳಿ. ಖಾತಾ ಇನ್ನೂ ದೊಡ್ಡಪ್ಪನ ಹೆಸರಲ್ಲಿದೆ ಅಂತ ಕಟ್ಟುವುದನ್ನು ನಿಲ್ಲಿಸಬೇಡಿ. ಖಾತಾ ವರ್ಗಾವಣೆ ಬೇರೆ ಕೆಲಸ, ಅದು ನಿಧಾನಕ್ಕೆ ಆಗಲಿ.

ಕಚೇರಿಯಲ್ಲಿ ಕೇಳದಿದ್ದರೆ ವಕೀಲರ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೇರವಾಗಿ ಹೋಗಿ.

ಒಂದು ಮಾತು ಹೇಳಲೇಬೇಕು. 2024ರಲ್ಲಿ ಬಡ್ಡಿ ಪೂರ್ತಿ ಮನ್ನಾ ಮಾಡಿ, ದಂಡವನ್ನೂ ಇಳಿಸುವ ಒಂದು ಬಾರಿಯ ಯೋಜನೆ ಬಂದಿತ್ತು, ನವೆಂಬರ್ ಕೊನೆಗೆ ಮುಗಿಯಿತು. ಒಳ್ಳೆಯ ಯೋಜನೆಯೇ. ಆದರೆ ಮೊಬೈಲ್ ನೋಡದ, ಒಂಟಿಯಾಗಿರುವ ಹಿರಿಯರಿಗೆ ಅದನ್ನು ಯಾರು ಹೇಳಬೇಕು? ಬಿಬಿಎಂಪಿ ಹೋಗಿ ಬೆಂಗಳೂರಿಗೆ ಈಗ ಐದು ಪಾಲಿಕೆಗಳಾಗಿವೆ. ಒಬ್ಬರೇ ಇರುವ ಮುದುಕರ ಮನೆಗೆ ಜಪ್ತಿ ನೋಟಿಸ್ ಕಳಿಸುವ ಮೊದಲು ಒಬ್ಬ ನೌಕರ ಹೋಗಿ ಕೂತು ಲೆಕ್ಕ ವಿವರಿಸಲಿ. ಮಾಲ್‌ಗೂ ಅಜ್ಜಿಯ ಮನೆಗೂ ಒಂದೇ ಕಾಗದ ಕಳಿಸುವುದು ನ್ಯಾಯ ಅಲ್ವೇ ಅಲ್ಲ.

ಬಾಕಿ ಕಟ್ಟಿದ ಮೇಲೆ ರಸೀದಿ ಎತ್ತಿಟ್ಟು ಸುಮ್ನೆ ಕೂರಬೇಡಿ. ಜಪ್ತಿ ವಿಷಯ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿದ್ದರೆ ಇಸಿಯಲ್ಲಿ, ಅಂದರೆ ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರದಲ್ಲಿ, ಉಳಿದುಕೊಂಡಿರುತ್ತದೆ. ಹೊಸ ಇಸಿ ತೆಗೆಸಿ ನೋಡಿ, ಇದ್ದರೆ ಪಾಲಿಕೆಯಿಂದ ಪತ್ರ ತಂದು ತೆಗೆಸಿಹಾಕಿ.