ಪಕ್ಷ ಬದಲಾಯಿತೋ, ನಾನೇ ಬದಲಾದೆನೋ?

ಪ್ರಶ್ನೆ: ನನಗೆ 64 ವರ್ಷ. ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಮೊದಲ ಸಲ ಓಟು ಹಾಕಿದಾಗಿನಿಂದ ಇವತ್ತಿನವರೆಗೆ ನನ್ನದು ಒಂದೇ ಪಕ್ಷ. ದುಡಿದವನ ಕೈಯಲ್ಲಿ ದುಡ್ಡು ಉಳಿಯಬೇಕು, ಸರ್ಕಾರ ಸಾಲ ಮಾಡಿ ಮೆರೆಯಬಾರದು, ಮನೆ, ದೇವರು, ಕಾನೂನು ಅಂದರೆ ಜನಕ್ಕೆ ಗೌರವ ಇರಬೇಕು ಅಂತ ನಂಬಿದವನು. ಈ ಸಲ ನಮ್ಮ ಪಕ್ಷ ತೆರಿಗೆ ಇಳಿಸುತ್ತೇವೆ ಅನ್ನುತ್ತಿದೆ. ಜೊತೆಗೆ ಎಲ್ಲರ ಖಾತೆಗೂ ಹಣ ಹಾಕುತ್ತೇವೆ ಅಂತಲೂ ಅನ್ನುತ್ತಿದೆ. ಆ ಹಣ ಎಲ್ಲಿಂದ ಬರುತ್ತದೆ ಅಂತ ಪ್ರಣಾಳಿಕೆಯಲ್ಲಿ ಒಂದು ಸಾಲೂ ಇಲ್ಲ.

ಹೋದ ವಾರ ಗೆಳೆಯರ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಎದುರು ಪಕ್ಷ ಗೆದ್ದರೆ ಹೊಸ ಸ್ಲ್ಯಾಬ್ ಬರುತ್ತದಂತೆ, ಆದಾಯ ಆ ಗೆರೆಯನ್ನು ಸ್ವಲ್ಪ ದಾಟಿದರೂ ಪೂರ್ತಿ ಆದಾಯಕ್ಕೆ ಹೆಚ್ಚಿನ ದರದ ತೆರಿಗೆಯಂತೆ. ಇದು ತಪ್ಪು ಅಂತ ಲೆಕ್ಕ ಹಾಕಿ ತೋರಿಸಿದೆ. ಅಷ್ಟಕ್ಕೇ ಗೆಳೆಯರು 'ಯಾವಾಗ ಆ ಕಡೆ ಹಾರಿದೆ?' ಅಂದರು. ಮನೆಯಲ್ಲಿ ಎದುರು ಪಕ್ಷದ ಅಭಿಮಾನಿಯಾದ ಮಗ 'ಅಂತೂ ಬುದ್ಧಿ ಬಂತಲ್ಲ ಅಪ್ಪಾ' ಅಂದ. ಬೇಜಾರಾಗಿ ಈ ಸಲ ಓಟೇ ಹಾಕಲ್ಲ ಅಂದೆ. ಅದಕ್ಕೆ ನನ್ನ ಹೆಂಡತಿ, 'ಇಷ್ಟು ವರ್ಷ ಯಾರಿಗೆ ಹಾಕಬೇಕು ಅಂತ ನನಗೆ ಹೇಳ್ತಿದ್ದವರು ನೀವು. ಈಗ ನಾನು ಯಾರನ್ನ ಕೇಳಲಿ?' ಅಂದಳು. ನಾನು ಏನು ಮಾಡಲಿ? ಹೆಸರು, ಊರು, ಪಕ್ಷ ಯಾವುದನ್ನೂ ಪ್ರಕಟಿಸಬೇಡಿ.

ಉತ್ತರ: ಪ್ರಕಟಿಸುವುದಿಲ್ಲ ಸರ್. ಪಕ್ಷದ ಹೆಸರು ಬೇಕಾಗಿಯೂ ಇಲ್ಲ. ಇಂಥ ಪತ್ರ ಯಾವ ದೇಶದಿಂದ ಬಂದರೂ ನನಗೆ ಆಶ್ಚರ್ಯ ಆಗುತ್ತಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಯಾರಿಗೆ ಓಟು ಹಾಕಿ ಅಂತ ನಾನು ಹೇಳಲ್ಲ. ನಿಮ್ಮ ಮನೆಯಲ್ಲಿ ಆ ಕೆಲಸ ಮಾಡುವವರು ಈಗಾಗಲೇ ಒಬ್ಬರು ಇದ್ದಾರಲ್ಲ.

ನಿಮ್ಮ ಪತ್ರದಲ್ಲಿ ನಂಬಿಕೆ ಬದಲಾದ ಗುರುತು ನನಗೆ ಎಲ್ಲೂ ಕಾಣಲಿಲ್ಲ. ಸಾಲ ಮಾಡಿ ಹಂಚಬಾರದು ಅಂತ ಮೊದಲೂ ಅನ್ನುತ್ತಿದ್ದಿರಿ, ಈಗಲೂ ಅನ್ನುತ್ತಿದ್ದೀರಿ. ಇಷ್ಟು ದಿನ ಆ ಮಾತನ್ನು ಎದುರು ಪಕ್ಷಕ್ಕೆ ಹೇಳುತ್ತಿದ್ದಿರಿ, ಆಗ ಗೆಳೆಯರು ಚಪ್ಪಾಳೆ ಹೊಡೆದರು. ಈಗ ಅದೇ ಮಾತನ್ನು ನಿಮ್ಮ ಪಕ್ಷಕ್ಕೆ ಹೇಳಿದ್ದೀರಿ. ಚಪ್ಪಾಳೆ ನಿಂತಿದೆ, ಅಷ್ಟೇ. ಅಕೌಂಟ್ಸ್‌ನಲ್ಲಿ ಇದ್ದವರು ನೀವು. ಬೇಕಾದವರ ವೋಚರ್‌ಗೆ ಒಂದು ನಿಯಮ, ಬೇಡವಾದವರ ವೋಚರ್‌ಗೆ ಇನ್ನೊಂದು ನಿಯಮ ಅಂತ ಕೆಲಸ ಮಾಡಿದ್ದರೆ ಅಲ್ಲಿ ನಿಮ್ಮನ್ನು ಉಳಿಸಿಕೊಳ್ಳುತ್ತಿದ್ದರಾ?

ಆ ಫಾರ್ವರ್ಡ್ ವಿಷಯ ಇಲ್ಲೇ ಬಗೆಹರಿಸಿಬಿಡೋಣ. ಇದನ್ನು ಓದುವ ಎಷ್ಟೋ ಮಂದಿಗೆ ಅದೇ ತಲುಪಿರುತ್ತದೆ. ಮೊದಲ 1,000ಕ್ಕೆ ತೆರಿಗೆ ಇಲ್ಲ, ಮುಂದಿನ 1,000ಕ್ಕೆ ನೂರಕ್ಕೆ 10, ಅದರ ಮೇಲಿನದಕ್ಕೆ ನೂರಕ್ಕೆ 20 ಅಂತ ಇಟ್ಟುಕೊಳ್ಳಿ. ಆದಾಯ 2,000 ಇದ್ದವರು 100 ಕಟ್ಟುತ್ತಾರೆ. ಆದಾಯ 2,010 ಆದರೆ ಮೇಲಿನ ಹತ್ತಕ್ಕೆ ಮಾತ್ರ 20ರ ದರ, ಅಂದರೆ 2. ಒಟ್ಟು 102. ಹತ್ತು ಜಾಸ್ತಿ ದುಡಿದರೆ ಎಂಟು ಕೈಯಲ್ಲೇ ಉಳಿಯುತ್ತದೆ. ಫಾರ್ವರ್ಡ್ ಬರೆದವರ ಲೆಕ್ಕದಂತೆ ಹೋದರೆ ಪೂರ್ತಿ 2,010ಕ್ಕೆ 20ರ ದರ ಬಿದ್ದು 402 ಆಗುತ್ತದೆ. ತೆರಿಗೆ ಜಾಸ್ತಿ ಅಂತ ಬೇಸರಪಡಲು ಎಲ್ಲರಿಗೂ ಹಕ್ಕಿದೆ. ಇಲ್ಲದ ತೆರಿಗೆಗೆ ಬೇಸರಪಡುವುದು ಸುಮ್ನೆ ದಂಡ.

ಆದರೆ ನಿಮ್ಮ ಗೆಳೆಯರ ಭಯಕ್ಕೆ ಬುಡವೇ ಇಲ್ಲ ಅಂತಲೂ ಅಲ್ಲ. ಆದಾಯ ಒಂದು ಮಿತಿ ದಾಟಿದ ಕೂಡಲೇ ರಿಯಾಯಿತಿಯೋ ಸಹಾಯಧನವೋ ಪೂರ್ತಿ ನಿಂತುಹೋಗುವ ವ್ಯವಸ್ಥೆಗಳಿವೆ. ಅಲ್ಲಿ ಸ್ವಲ್ಪ ಜಾಸ್ತಿ ದುಡಿದವರ ಕೈಗೆ ನಿಜವಾಗಿಯೂ ಕಮ್ಮಿ ಬರಬಹುದು. ದುಡಿಯುವವರಿಗೆ ಶಿಕ್ಷೆ ಆಗಬಾರದು ಅನ್ನುವ ನಿಮ್ಮ ವಾದಕ್ಕೆ ಇದು ಆ ಫಾರ್ವರ್ಡ್‌ಗಿಂತ ಸಾವಿರ ಪಾಲು ಗಟ್ಟಿ ಉದಾಹರಣೆ. ಗ್ರೂಪಿನಲ್ಲಿ ಇದನ್ನು ಹಾಕಿ ನೋಡಿ. ಸುಳ್ಳು ಅಂದಿರಿ, ಜೊತೆಗೆ ನಿಜ ಎಲ್ಲಿದೆ ಅಂತಲೂ ತೋರಿಸಿದಿರಿ ಅಂತಾಗುತ್ತದೆ.

ಈಗ ಪಕ್ಷದ ಮಾತು. ಇದು ನಿಮ್ಮೊಬ್ಬರಿಗೆ ಬಂದ ಕಷ್ಟ ಅಂದುಕೊಂಡಿದ್ದೀರಿ. ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಶುರುವಾಗಿದ್ದು 1799ರಲ್ಲಿ, ಫ್ರಾನ್ಸ್ ಜೊತೆಗಿನ ಯುದ್ಧದ ಖರ್ಚಿಗೆ. ಯುದ್ಧ ಮುಗಿದ ಮೇಲೆ 1816ರಲ್ಲಿ ಅದು ರದ್ದಾಯಿತು. ಶಾಂತಿ ಕಾಲದಲ್ಲಿ ಅದನ್ನು ಮತ್ತೆ ತಂದವರು ಯಾರು ಗೊತ್ತಾ? ಬಲಪಂಥದ ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ರಾಬರ್ಟ್ ಪೀಲ್, 1842ರಲ್ಲಿ. ಹಿಂದಿನ ಸರ್ಕಾರ ಖಜಾನೆಯನ್ನು ಕೊರತೆಯಲ್ಲಿ ಬಿಟ್ಟು ಹೋಗಿತ್ತು. ಸಾಲದ ಮೇಲೆ ಸಾಲ ಮಾಡುವ ಬದಲು ಪೀಲ್ ವರ್ಷಕ್ಕೆ 150 ಪೌಂಡ್ ಮೀರಿದ ಆದಾಯಕ್ಕೆ, ಪೌಂಡಿಗೆ 7 ಪೆನ್ನಿಯಂತೆ ತೆರಿಗೆ ಹಾಕಿದರು. ಅದರ ಬಲದ ಮೇಲೆ ನೂರಾರು ಸಾಮಾನುಗಳ ಆಮದು ಸುಂಕ ಇಳಿಸಿದರು. ಮೂರು ವರ್ಷಕ್ಕೆ ಮಾತ್ರ ಅಂತ ತಂದ ತೆರಿಗೆ ಅದು. ಇವತ್ತಿಗೂ ಹೋಗಿಲ್ಲ, ಅದು ಬೇರೆ ಮಾತು. 1846ರಲ್ಲಿ ಧಾನ್ಯದ ಆಮದಿನ ಮೇಲಿನ ಸುಂಕದ ಕಾನೂನನ್ನು ತೆಗೆಯಲು ಹೊರಟಾಗ ಅವರ ಪಕ್ಷವೇ ಒಡೆದು ಎರಡಾಯಿತು. ಪೀಲ್ ದ್ರೋಹಿ ಅಂದವರೂ ತಮ್ಮನ್ನು ಕನ್ಸರ್ವೇಟಿವ್ ಅಂತಲೇ ಕರೆದುಕೊಂಡರು, ಪೀಲ್ ಹಿಂದೆ ನಿಂತವರೂ ಹಾಗೇ ಕರೆದುಕೊಂಡರು.

ತೀರಾ ಹಳೇ ಕಥೆ ಆಯಿತು ಅಂದರೆ 2022ಕ್ಕೆ ಬನ್ನಿ. ಅದೇ ದೇಶ, ಅದೇ ಪಕ್ಷ. ನಾಯಕರ ಆಯ್ಕೆಗೆ ಪೈಪೋಟಿ ನಡೆದಾಗ ರಿಷಿ ಸುನಕ್, ದುಡ್ಡಿನ ದಾರಿ ತೋರಿಸದೆ ತೆರಿಗೆ ಇಳಿಸಿದರೆ ಕೈ ಸುಟ್ಟುಕೊಳ್ಳುತ್ತೇವೆ ಅಂತ ಎಚ್ಚರಿಸಿದ್ದರು. ಪಕ್ಷದ ಸದಸ್ಯರು ಲಿಜ್ ಟ್ರಸ್ ಅವರನ್ನು ಆರಿಸಿದರು, ಅವರೇ ಪ್ರಧಾನಿಯಾದರು. ಸೆಪ್ಟೆಂಬರ್ 23ರಂದು ಅವರ ಸರ್ಕಾರ ಸುಮಾರು 45 ಬಿಲಿಯನ್ ಪೌಂಡ್‌ನಷ್ಟು ತೆರಿಗೆ ಕಡಿತ ಘೋಷಿಸಿತು. ಬಜೆಟ್ ಜೊತೆ ಬರಬೇಕಿದ್ದ ಸ್ವತಂತ್ರ ಲೆಕ್ಕಾಚಾರದ ವರದಿ ಮಾತ್ರ ಹೊರಗೆ ಬರಲಿಲ್ಲ. ಪೌಂಡ್ ಕುಸಿಯಿತು, ಸರ್ಕಾರದ ಸಾಲದ ಬಡ್ಡಿ ಏರಿತು, ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಇಂಗ್ಲೆಂಡ್ ಮಧ್ಯೆ ಬರಬೇಕಾಯಿತು. ಅಕ್ಟೋಬರ್ 20ಕ್ಕೆ ಟ್ರಸ್ ರಾಜೀನಾಮೆ ಘೋಷಿಸಿದರು. ಗಮನಿಸಿ, ಅವತ್ತು 'ದುಡ್ಡು ಎಲ್ಲಿಂದ?' ಅಂತ ಜೋರಾಗಿ ಕೇಳಿದವರಲ್ಲಿ ಅವರದೇ ಪಕ್ಷದವರೂ ಇದ್ದರು. ನೀವು ಪತ್ರದಲ್ಲಿ ಕೇಳಿರುವುದೂ ಅದೇ ಪ್ರಶ್ನೆ.

ಹಾಗಾಗಿ ಗೆಳೆಯರ ಎದುರು ತಲೆ ತಗ್ಗಿಸುವಂಥದ್ದು ಏನೂ ಆಗಿಲ್ಲ. ಹಾಗಂತ ದಿನಾ ಗ್ರೂಪಿನಲ್ಲಿ ಕೂತು ವಾದ ಮಾಡಿ ಅಂತಲೂ ಹೇಳಲ್ಲ. ಚುನಾವಣೆ ಹೊತ್ತಿನಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ ಮನಸ್ಸು ಬದಲಾಯಿಸಿದವರನ್ನು ನಾನಂತೂ ಕಂಡಿಲ್ಲ. ಗ್ರೂಪು ಬಿಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ. ತಪ್ಪು ಲೆಕ್ಕ ಬಂದರೆ ಒಂದು ಸಲ ತಿದ್ದಿ, ಸುಮ್ಮನಾಗಿ. 'ನೀನು ಯಾವ ಕಡೆ?' ಅಂದರೆ ಉತ್ತರ ಕೊಡಲೇಬೇಕು ಅಂತೇನೂ ಇಲ್ಲ. ಬ್ರಿಟನ್ನಿನಲ್ಲಿ 1872ರವರೆಗೆ ಎಲ್ಲರ ಎದುರು ಹೆಸರು ಹೇಳಿಯೇ ಓಟು ಹಾಕಬೇಕಿತ್ತು. ಯಾರು ಯಾರಿಗೆ ಹಾಕಿದರು ಅನ್ನುವ ಪಟ್ಟಿಯನ್ನು ಅಚ್ಚು ಹಾಕಿಸಿ ಮಾರುತ್ತಿದ್ದರು. ಜಮೀನುದಾರ ಆ ಪಟ್ಟಿ ತೆಗೆದು ತನ್ನ ಒಕ್ಕಲು ಯಾರಿಗೆ ಹಾಕಿದ್ದಾನೆ ಅಂತ ನೋಡಬಹುದಿತ್ತು. ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ 1856ರಲ್ಲೇ ಗುಟ್ಟಿನ ಮತದಾನ ತಂದಿದ್ದವು, ಬ್ರಿಟನ್ ಆಮೇಲೆ ಕಲಿಯಿತು. ಆ ಗುಟ್ಟು ಇರುವುದೇ ನಿಮ್ಮಂಥವರ ರಕ್ಷಣೆಗೆ. ಗೆಳೆಯರು ನಿಮ್ಮ ಜಮೀನುದಾರರೂ ಅಲ್ಲ.

ಓಟೇ ಹಾಕಲ್ಲ ಅನ್ನುವ ನಿರ್ಧಾರ ನನಗೆ ಹಿಡಿಸಲಿಲ್ಲ. ಅದು ಸಿಟ್ಟಿನಲ್ಲಿ ಬಂದ ಮಾತು, ಯೋಚನೆ ಮಾಡಿ ಆಡಿದ್ದಲ್ಲ. ನೀವು ಮನೆಯಲ್ಲೇ ಉಳಿದರೆ, ಮುನಿಸಿಕೊಂಡು ಉಳಿದಿರೋ ಸೋಮಾರಿತನಕ್ಕೆ ಉಳಿದಿರೋ ಅಂತ ಪಕ್ಷಕ್ಕೆ ಹೇಗೆ ಗೊತ್ತಾಗಬೇಕು? ಯಾರೂ ಬೇಡ ಅಂತ ಹೇಳಲು ಕೆಲವು ಕಡೆ ದಾರಿ ಇದೆ. ಭಾರತದಲ್ಲಿ 2013ರಿಂದ ನೋಟಾ ಇದೆ. ಆದರೆ ಅಲ್ಲಿನ ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ನೋಟಾಗೆ ಎಲ್ಲರಿಗಿಂತ ಜಾಸ್ತಿ ಬಿದ್ದರೂ, ಅಭ್ಯರ್ಥಿಗಳಲ್ಲಿ ಹೆಚ್ಚು ಓಟು ಪಡೆದವರೇ ಗೆಲ್ಲುತ್ತಾರೆ. ಬೇಸರ ದಾಖಲಾಗುತ್ತದೆ, ಫಲಿತಾಂಶ ಬದಲಾಗಲ್ಲ.

ಅದಕ್ಕಿಂತ ಮೊದಲು ಮಾಡುವ ಕೆಲಸ ಒಂದಿದೆ, ನಿಮಗೆ ಚೆನ್ನಾಗಿ ಬರುವ ಕೆಲಸ. ಎರಡೂ ಪಕ್ಷಗಳ ಪ್ರಣಾಳಿಕೆ ಎದುರಿಗಿಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ಕೊಡುತ್ತೇವೆ ಅಂದಿದ್ದು, ಪಕ್ಕದಲ್ಲಿ ತರುತ್ತೇವೆ ಅಂದಿದ್ದು ಬರೆಯಿರಿ. ಭಾಷಣದಲ್ಲಿ ಯಾರು ಯಾರನ್ನು ಬೈದರು, ಟಿವಿಯಲ್ಲಿ ಯಾರ ಬಾಯಿ ಮುಚ್ಚಿಸಿದರು ಅನ್ನುವುದಕ್ಕೆ ಆ ಹಾಳೆಯಲ್ಲಿ ಜಾಗ ಬೇಡ. ಖಾಲಿ ಉಳಿದ ಸಾಲುಗಳನ್ನೇ ಪ್ರಶ್ನೆ ಮಾಡಿ ನಿಮ್ಮ ಕ್ಷೇತ್ರದ ಅಭ್ಯರ್ಥಿಗೆ ಕಳಿಸಿ, ಮೊದಲು ನಿಮ್ಮ ಪಕ್ಷದವರಿಗೆ. ಯಾವಾಗಲೂ ತಮಗೇ ಓಟು ಹಾಕುವವರು ಪ್ರಶ್ನೆ ಕೇಳಿದರೆ ಅಭ್ಯರ್ಥಿಗಳಿಗೆ ಜಾಸ್ತಿ ಗಾಬರಿ. ಇಷ್ಟು ಮಾಡಿದ ಮೇಲೆ, ಎದುರು ಪಕ್ಷದ್ದು ಇನ್ನೂ ಕೆಟ್ಟ ಲೆಕ್ಕ ಅನ್ನಿಸಿ ಹಳೇ ಪಕ್ಷಕ್ಕೇ ಹಾಕಿದಿರಿ ಅನ್ನಿ. ಅದರಲ್ಲಿ ಸೋಲೇನೂ ಇಲ್ಲ. ತೆರಿಗೆ ಒಂದೇ ನೋಡಿ ಯಾರೂ ಓಟು ಹಾಕಲ್ಲ. ನೀವು ಬರೆದ ಮನೆ, ದೇವರು, ಕಾನೂನು ಇವಕ್ಕೂ ತಕ್ಕಡಿಯಲ್ಲಿ ತೂಕ ಇದ್ದೇ ಇರುತ್ತದೆ. ಬೇರೆಯವರಿಗೆ ಹಾಕಿದರೂ ನೀವು ಬೇರೆ ಮನುಷ್ಯ ಆಗಿಬಿಡಲ್ಲ.

ಇನ್ನು ಮಗನ ವಿಷಯ. ಗೆಳೆಯರ ಮಾತಿಗಿಂತ ಇದು ಜಾಸ್ತಿ ಚುಚ್ಚಿದೆ ಅಂತ ನನ್ನ ಅಂದಾಜು. ತೆರಿಗೆ ಬಗ್ಗೆ ಅಷ್ಟೊಂದು ಬರೆದವರು ಮಗನ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. 'ಬುದ್ಧಿ ಬಂತು' ಅಂದರೆ ಇಷ್ಟು ವರ್ಷ ಇರಲಿಲ್ಲ ಅಂತ ತಾನೇ? ಅದು ಸಣ್ಣ ಮಾತಲ್ಲ. ಮಗನಿಗೆ ನೇರ ಹೇಳಿ: 'ಬುದ್ಧಿ ಮೊದಲೂ ಇತ್ತು ಕಣೋ. ನಾನು ನಿನ್ನ ಕಡೆ ಬಂದಿಲ್ಲ. ನನ್ನ ಪಕ್ಷದ ಲೆಕ್ಕ ನೋಡಿ ಆಯ್ತು, ನಿನ್ನ ಪಕ್ಷದ್ದು ತಗೊಂಡು ಬಾ, ಕೂತು ನೋಡೋಣ.' ಅವನು ಬಂದು ಕೂತರೆ ಅವನ ಪಕ್ಷದ ಹಾಳೆಯಲ್ಲೂ ಖಾಲಿ ಸಾಲು ಸಿಗುತ್ತವೆ. ಸಿಕ್ಕಾಗ ದಯವಿಟ್ಟು 'ನೋಡಿದೆಯಾ?' ಅಂತ ಮೀಸೆ ತಿರುವಬೇಡಿ.

ಅವನ ಬಗ್ಗೆ ಇನ್ನೊಂದು ಕೇಳಬೇಕಿತ್ತು. ಅವನು ಆ ಪಕ್ಷವನ್ನು ಯಾಕೆ ಮೆಚ್ಚುತ್ತಾನೆ ಅಂತ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಕೇಳಿದ್ದೀರಾ? ಅವನಿಗೆ ಮನೆ ಬಾಡಿಗೆಯ ಚಿಂತೆ ಇರಬಹುದು, ಕೆಲಸದ ಭದ್ರತೆಯ ಚಿಂತೆ ಇರಬಹುದು. ಸರ್ಕಾರ ಕಮ್ಮಿ ಇರಲಿ ಅಂತ ನಿಮಗೆ ಅನ್ನಿಸಿದ ವಯಸ್ಸಿಗೂ, ಸರ್ಕಾರ ಸ್ವಲ್ಪ ಕೈ ಹಿಡಿಯಲಿ ಅಂತ ಅವನಿಗೆ ಅನ್ನಿಸುವ ಈಗಿನ ಪರಿಸ್ಥಿತಿಗೂ ವ್ಯತ್ಯಾಸ ಇದೆ ಅಲ್ವಾ. ಸರ್ಕಾರ ಕೈ ಹಿಡಿಯುವುದು ಬಲಪಂಥದವರಿಗೂ ಹೊಸ ವಿಷಯವೇನಲ್ಲ. 1889ರಲ್ಲಿ ಜರ್ಮನಿಯಲ್ಲಿ ವೃದ್ಧಾಪ್ಯದ ಪಿಂಚಣಿ ವಿಮೆ ಕಾನೂನು ತಂದವರು ಬಲಪಂಥದ ಚಾನ್ಸಲರ್ ಬಿಸ್ಮಾರ್ಕ್. ಸಮಾಜವಾದಿಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕಾರ್ಮಿಕರು ಆ ಕಡೆ ಹೋಗದಿರಲಿ ಅನ್ನುವ ಲೆಕ್ಕಾಚಾರವೂ ಆ ಕಾನೂನಿನ ಹಿಂದೆ ಇತ್ತು. ಮಗನ ಜೊತೆ ಮಾತಿಗೆ ಕೂತಾಗ ಬೇಕಾದರೆ ಇದನ್ನು ಎತ್ತಿ. ಇಬ್ಬರಿಗೂ ಸ್ವಲ್ಪ ಮುಜುಗರ ಆಗುತ್ತದೆ, ಆಗಲಿ.

ಕೊನೆಗೆ ನಿಮ್ಮ ಹೆಂಡತಿ. ಅವರ ಮಾತನ್ನು ನೀವು ತಮಾಷೆ ಅಂತ ಬರೆದಿದ್ದೀರೋ, ಬೇಸರದಲ್ಲಿ ಬರೆದಿದ್ದೀರೋ ಗೊತ್ತಾಗಲಿಲ್ಲ. ನನಗಂತೂ ಆ ಪ್ರಶ್ನೆ ಕೇಳುವಾಗ ಅವರ ಮುಖದಲ್ಲಿ ನಗು ಇತ್ತೇನೋ ಅನ್ನಿಸಿತು. ಅವರಿಗೆ ಯಾರನ್ನೂ ಕೇಳುವ ಅಗತ್ಯ ಇಲ್ಲ. ನೀವು ಆ ಹಾಳೆ ಬರೆದು ಮುಗಿಸಿದಾಗ ಮೊದಲು ಅವರಿಗೆ ತೋರಿಸಿ, 'ನಿನಗೇನು ಅನ್ನಿಸುತ್ತದೆ?' ಅಂತ ಕೇಳಿ. ಉತ್ತರ ಮುಗಿಯುವ ತನಕ ಬಾಯಿ ಹಾಕಬೇಡಿ. ಮತದಾನದ ದಿನ ಇಬ್ಬರೂ ಒಟ್ಟಿಗೇ ಹೋಗಿ ಬನ್ನಿ. ಯಾರಿಗೆ ಹಾಕಿದೆ ಅಂತ ಮಾತ್ರ ಕೇಳಬೇಡಿ. ಇಷ್ಟು ವರ್ಷ ನೀವು ಹೇಳಿದವರಿಗೇ ಹಾಕಿದ್ದಾರೆ ಅನ್ನುವುದಕ್ಕೂ ನಿಮ್ಮ ಹತ್ತಿರ ಸಾಕ್ಷಿ ಏನೂ ಇಲ್ಲವಲ್ಲ.