‘ನಂಗೆಲ್ಲಾ ಗೊತ್ತು ಮೇಡಂ’ ಅಂದವರಿಗೆ ಕೊಟ್ಟ ಸಲಹೆ

ಮದುವೆಯಾಗಿ 15-20 ವರ್ಷ ಕಳೆದ ಗಂಡ ಹೆಂಡತಿ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಪದೇ ಪದೇ ತರುವ ದೂರು ಒಂದಿದೆ. ಕುಡಿತ ಇಲ್ಲ, ಹೊಡೆತ ಇಲ್ಲ, ಹೇಳಿಕೊಳ್ಳುವಂಥ ಜಗಳವೂ ಇಲ್ಲ. ಆದರೆ ಮನೆಯಲ್ಲಿ ಮಾತೇ ಇಲ್ಲ. ಹಾಲು ಬಂತಾ, ಗ್ಯಾಸ್ ಬುಕ್ ಮಾಡಿದ್ಯಾ, ಮಗಳ ಫೀಸ್ ಕಟ್ಟಾಯ್ತಾ, ಇಷ್ಟರಲ್ಲಿ ದಿನ ಮುಗಿದುಹೋಗುತ್ತದೆ. ರಾತ್ರಿಯಾದರೆ ಒಬ್ಬರು ಟಿವಿ ಮುಂದೆ, ಇನ್ನೊಬ್ಬರು ಮೊಬೈಲ್ ಹಿಡಿದು.

ಇಂಥ ಮನೆಗಳಲ್ಲಿ ಪ್ರೀತಿ ಬತ್ತಿಹೋಗಿದೆ ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಹಳಷ್ಟು ಕಡೆ ಪ್ರೀತಿ ಇದ್ದೇ ಇರುತ್ತದೆ, ಕುತೂಹಲ ಸತ್ತಿರುತ್ತದೆ. ಈ ಮನುಷ್ಯನ ಬಗ್ಗೆ ಇನ್ನು ತಿಳಿದುಕೊಳ್ಳೋದು ಏನೂ ಉಳಿದಿಲ್ಲ ಅಂತ ಇಬ್ಬರೂ ಯಾವಾಗಲೋ ತೀರ್ಮಾನಿಸಿಬಿಟ್ಟಿರುತ್ತಾರೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಇಬ್ಬರ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ತುಮಕೂರು ಕಡೆಯವರು. ಗಂಡನಿಗೆ ಐವತ್ತರ ಹತ್ತಿರ, ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಕೆಲಸ. ಹೆಂಡತಿಗೆ ನಲವತ್ತನಾಲ್ಕು. ಮನೆಯಲ್ಲೇ ಸೀರೆಗೆ ಫಾಲ್ ಹಾಕುತ್ತಾರೆ, ಕುಚ್ಚು ಕಟ್ಟುತ್ತಾರೆ. ಒಬ್ಬಳೇ ಮಗಳು, ಪಿಯುಸಿಗೆ ಹಾಸ್ಟೆಲ್ ಸೇರಿದ್ದಾಳೆ. ಮೊದಲು ಬಂದದ್ದು ಹೆಂಡತಿ. "ಇವರು ಒಳ್ಳೆಯವರೇ ಮೇಡಂ. ಆದ್ರೆ ಮನೇಲಿ ನಾನು ಇದ್ದೀನೋ ಇಲ್ವೋ ಅನ್ನೋದು ಇವರಿಗೆ ಊಟದ ಹೊತ್ತಿಗೆ ಮಾತ್ರ ಗೊತ್ತಾಗೋದು" ಅಂದರು.

ಮೊದಲು ನೋಡಬೇಕಾದ್ದನ್ನು ನೋಡಿದೆ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿದೆ. ಭಯ, ಹಿಂಸೆ, ಅನುಮಾನದ ಸುಳಿವು ಇರಲಿಲ್ಲ. ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಕುಗ್ಗಿದ್ದರೆ, ಇಷ್ಟದ ಕೆಲಸವೂ ಬೇಡವಾಗಿದ್ದರೆ, ನಿದ್ದೆ ಹಸಿವು ಏರುಪೇರಾಗಿದ್ದರೆ ಖಿನ್ನತೆ ಇರಬಹುದು. ಆಗ ಮನೋವೈದ್ಯರ ಹತ್ತಿರ ಕಳಿಸಬೇಕಾಗುತ್ತದೆ. ಇಲ್ಲಿ ಅದೂ ಇರಲಿಲ್ಲ.

ಆಮೇಲೆ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. ನಿಮ್ಮ ಜೊತೆಯವರನ್ನು ಈಗ ಕಾಡುತ್ತಿರುವ ಚಿಂತೆ ಯಾವುದು? ಇತ್ತೀಚೆಗೆ ಅವರಿಗೆ ಖುಷಿ ಕೊಟ್ಟದ್ದು ಏನು? ಮನಸ್ಸಿಗೆ ಬೇಜಾರಾದರೆ ಯಾರಿಗೆ ಫೋನ್ ಮಾಡುತ್ತಾರೆ? ಇಂಥ ಕೆಲವು ಪ್ರಶ್ನೆಗಳು. ಯಜಮಾನರು ಹಾಳೆ ನೋಡಿ ನಕ್ಕರು. "ನಂಗೆಲ್ಲಾ ಗೊತ್ತು ಮೇಡಂ. ಇವಳು ಬಾಯಿ ಬಿಡೋ ಮುಂಚೆನೇ ಏನು ಹೇಳ್ತಾಳೆ ಅಂತ ಹೇಳಿಬಿಡ್ತೀನಿ." ಜಂಬದಿಂದ ಅಲ್ಲ, ಅಕ್ಕರೆಯಿಂದಲೇ ಹೇಳಿದರು. ಬೇಗ ಬೇಗ ತುಂಬಿಸಿಯೂ ಕೊಟ್ಟರು. ಹೆಂಡತಿ ಅದನ್ನು ಓದಿ ಒಂದು ಮಾತು ಹೇಳಿದರು: "ಇದೆಲ್ಲಾ ನಾನೇ. ಆದ್ರೆ ಹಳೇ ನಾನು." ಫೋನ್ ಮಾಡುವ ಗೆಳತಿ ಅಂತ ಅವರು ಬರೆದಿದ್ದ ಪಕ್ಕದ ಮನೆಯಾಕೆ ಊರು ಬಿಟ್ಟೇ ಎಷ್ಟೋ ವರ್ಷವಾಗಿತ್ತು. ಅವರು ಬರೆದದ್ದು ಸುಳ್ಳಲ್ಲ. ಹಳೇ ಪಂಚಾಂಗ ಇಟ್ಟುಕೊಂಡು ಈ ವರ್ಷದ ಹಬ್ಬ ಹುಡುಕಿದ ಹಾಗಿತ್ತು, ಅಷ್ಟೇ. ಹೆಂಡತಿಯ ಹಾಳೆಯೂ ಅರ್ಧ ಖಾಲಿ ಇತ್ತು ಅನ್ನುವುದನ್ನು ಇಲ್ಲಿ ಹೇಳಲೇಬೇಕು. ದೂರು ತಂದವರಿಗೆ ಎಲ್ಲ ಗೊತ್ತಿರುತ್ತದೆ ಅಂತೇನಿಲ್ಲ.

ಇದು ಇವರೊಬ್ಬರ ಕಥೆಯಲ್ಲ. 2011ರಲ್ಲಿ ಅಮೆರಿಕದ ಮನೋವಿಜ್ಞಾನಿ ಕೆನೆತ್ ಸವಿಟ್ಸ್ಕಿ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಅಧ್ಯಯನ ಒಂದಿದೆ. ಎರಡು ಮೂರು ಅರ್ಥ ಬರುವಂಥ ಮಾತುಗಳನ್ನು ಒಬ್ಬರಿಂದ ಹೇಳಿಸಿ ಅವರ ಗಂಡ ಅಥವಾ ಹೆಂಡತಿಗೂ ಕೇಳಿಸಿದರು, ಅಪರಿಚಿತರಿಗೂ ಕೇಳಿಸಿದರು. ಅರ್ಥ ಮಾಡಿಕೊಳ್ಳುವುದರಲ್ಲಿ ಗಂಡ ಹೆಂಡತಿ ಅಪರಿಚಿತರಿಗಿಂತ ಮುಂದೇನೂ ಇರಲಿಲ್ಲ. ನನ್ನ ಮಾತು ಜೊತೆಯವರಿಗೆ ಚೆನ್ನಾಗಿ ಅರ್ಥವಾಗಿದೆ ಅನ್ನುವ ನಂಬಿಕೆ ಮಾತ್ರ ಹೇಳಿದವರಿಗೆ ಜಾಸ್ತಿ ಇತ್ತು. 1994ರಲ್ಲಿ ಜಾರ್ಜ್ ಲೋವೆನ್‌ಸ್ಟೈನ್ ಅನ್ನುವ ಅಮೆರಿಕದ ಸಂಶೋಧಕರು ಕುತೂಹಲದ ಬಗ್ಗೆ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನನಗೆ ಗೊತ್ತಿರುವುದಕ್ಕೂ ಗೊತ್ತಿಲ್ಲದ್ದಕ್ಕೂ ನಡುವೆ ಒಂದು ಸಂದು ಇದೆ ಅಂತ ಕಂಡಾಗಲೇ ಕುತೂಹಲ ಹುಟ್ಟುತ್ತದೆ ಅಂದರು ಅವರು. ಎಲ್ಲಾ ಗೊತ್ತು ಅಂದುಕೊಂಡವರಿಗೆ ಆ ಸಂದು ಕಾಣುವುದೇ ಇಲ್ಲ. ನಾನು ಹಾಳೆ ಕೊಡುವುದು ಅದನ್ನು ಕಾಣಿಸಲಿಕ್ಕೆ.

ಕಾಣಿಸಿತು, ಆದರೆ ಅದರಿಂದ ಏನೂ ಬದಲಾಗಲಿಲ್ಲ. ಬದಲಾದದ್ದು ಮುಂದಿನ ಭೇಟಿಯಲ್ಲಿ.

ಅವತ್ತು ಆಕೆ ದೊಡ್ಡ ಬಟ್ಟೆಯ ಚೀಲ ಹಿಡಿದು ಬಂದರು. ಮದುವೆ ಸೀಸನ್, ಸಂಜೆಯೊಳಗೆ ಒಂದು ಧರ್ಮಾವರಂ ಸೀರೆ ಮುಗಿಸಿ ಕೊಡಬೇಕಿತ್ತು. "ಹೊರಗೆ ಕಾಯೋವಾಗ ನಾಲ್ಕು ಕುಚ್ಚು ಹಾಕ್ಕೋತೀನಿ" ಅಂದರು. ಒಳಗೇ ಹಾಕಿ ಅಂದೆ. ಸೆರಗಿನ ಅಂಚನ್ನು ತೊಡೆಯ ಮೇಲೆ ಹರಡಿಕೊಂಡು ಶುರು ಮಾಡಿದರು. ಒಂದು ರಟ್ಟಿನ ತುಂಡಿಗೆ ರೇಷ್ಮೆ ದಾರ ಸುತ್ತಿದರು. ಒಂದು ಕಡೆ ಕತ್ತರಿ ಹಾಕಿ ಎಳೆಗಳ ಗೊಂಚಲು ಮಾಡಿಕೊಂಡರು. ಸೂಜಿಯಿಂದ ಅದನ್ನು ಅಂಚಿನೊಳಗೆ ತೂರಿಸಿ ಮಡಚಿ, ಕುತ್ತಿಗೆಯ ಹತ್ತಿರ ಜರಿ ದಾರ ಬಿಗಿಯಾಗಿ ಸುತ್ತಿ ಗಂಟು ಹಾಕಿದರು. ಒಂದು ಬೆರಳಿನಷ್ಟು ಜಾಗ ಬಿಟ್ಟು ಇನ್ನೊಂದು.

ಯಜಮಾನರಿಗೆ ಹೇಳಿದೆ: "ಇದರಲ್ಲಿ ನಿಮಗೆ ಗೊತ್ತಿಲ್ಲದ್ದು ಏನಾದರೂ ಇದ್ದರೆ ಕೇಳಿ. ದುಡ್ಡಿನ ವಿಷಯ ಬೇಡ."

ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ಕೇಳಿದರು. "ಎಲ್ಲಾ ಒಂದೇ ಉದ್ದ ಹೆಂಗೆ ಬರುತ್ತೆ? ನೀನು ಅಳತೆ ಇಟ್ಟಿದ್ದೇ ಕಾಣ್ಲಿಲ್ವಲ್ಲ."

ಆಕೆ ತಲೆಯೆತ್ತಿ ರಟ್ಟು ತೋರಿಸಿದರು. "ಇದೇ ಅಳತೆ ರೀ. ಇದಕ್ಕೆ ಸುತ್ತಿ ಕತ್ತರಿಸಿದ್ರೆ ಎಲ್ಲಾ ಸಮ ಬರುತ್ತೆ." ಅವರು ಅದನ್ನು ಈಸಿಕೊಂಡು ತಿರುಗಿಸಿ ನೋಡಿದರು. ಹಿಂದೆ ಅರ್ಧ ಗಣಪತಿ, ಎರಡು ಸಾಲು ಅಕ್ಷರ. "ಇದು ನಮ್ಮ ತಂಗಿ ಮದುವೆ ಕಾರ್ಡ್ ಅಲ್ವಾ?"

"ಹೂಂ. ಅವಳ ಸೀರೇದೇ ನಾನು ಮೊದಲು ಕಟ್ಟಿದ ಕುಚ್ಚು. ಅಂಗಡೀಲಿ ಹಾಕಿಸಿದ್ದು ಅಂದ್ಕೊಂಡಿದ್ರಿ ಎಲ್ಲಾರೂ."

"ಯಾರು ಹೇಳಿಕೊಟ್ರು ನಿಂಗೆ?"

"ಯಾರೂ ಇಲ್ಲ. ನನ್ನ ಮದುವೆ ಸೀರೆ ಕುಚ್ಚು ಒಂದನ್ನ ಬಿಚ್ಚಿ ನೋಡಿ ಕಲಿತೆ."

ಯಾರು ಹೇಳಿಕೊಟ್ರು ಅನ್ನುವ ಪ್ರಶ್ನೆಯನ್ನು ನಾನು ಕೇಳಿಸಿದ್ದಲ್ಲ. ಅದು ತಾನಾಗಿ ಬಂತು. ಅಷ್ಟರಲ್ಲಿ ಆಕೆ ಸೂಜಿಗೆ ದಾರ ಪೋಣಿಸಲು ಹೋಗಿ, ಕೈ ದೂರ ಚಾಚಿ, ಕಣ್ಣು ಕಿರಿದು ಮಾಡಿ, ಮತ್ತೆ ಮತ್ತೆ ತಪ್ಪಿಸುತ್ತಿದ್ದರು. ಅವರು ಅದನ್ನೂ ನೋಡಿದರು. "ಕಾಣಿಸ್ತಿಲ್ವಾ?" ಅಂದರು.

ಆಕೆ ಒಂದು ಗಳಿಗೆ ಮಾತಾಡಲಿಲ್ಲ. "ಆರು ತಿಂಗಳಾಯ್ತು. ರಾತ್ರಿ ಅಂತೂ ಏನೂ ಕಾಣಲ್ಲ. ಆರ್ಡರ್ ಕಮ್ಮಿ ಮಾಡ್ಕೊಂಡಿದೀನಿ. ಹೇಳಿದ್ರೆ ಬಿಟ್ಬಿಡು ಅಂತೀರಿ."

"ಕನ್ನಡಕ ಮಾಡಿಸಿದ್ರೆ..." ಅಂತ ಅವರು ಶುರು ಮಾಡುತ್ತಿದ್ದ ಹಾಗೇ ನಾನು ಕೈ ಎತ್ತಿ ತಡೆದೆ. ಇನ್ನೊಂದು ಕೇಳಿ ಅಂದೆ. ಯೋಚಿಸಿ ಕೇಳಿದರು. "ಬಿಡಬೇಕು ಅನ್ಸುತ್ತಾ ನಿಂಗೆ?"

"ಇಲ್ಲ ರೀ. ಮಗಳು ಹಾಸ್ಟೆಲ್‌ಗೆ ಹೋದ್ಮೇಲೆ ನಂದು ಅಂತ ಇರೋದು ಇದೊಂದೇ."

ಹಾಗೆ ತಡೆದದ್ದು ಯಾಕೆ ಅಂತ ಹೇಳಬೇಕು. ಇದು ಚಾಳೀಸಿನ ಕಥೆ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡಸಾಗಿ ಹತ್ತಿರದ್ದು ಮಂಜಾಗುವುದು ಎಲ್ಲರಿಗೂ ಬರುವಂಥದ್ದೇ. ಕನ್ನಡಕ ಬೇಕೇ ಬೇಕು, ಅದೇ ವಾರ ಮಾಡಿಸಿದರು ಕೂಡ. ಆದರೆ ಮಾತು ಕನ್ನಡಕದಲ್ಲಿ ಮುಗಿದಿದ್ದರೆ ಆಕೆಯ ಕೊನೆಯ ಮಾತು ಹೊರಗೆ ಬರುತ್ತಲೇ ಇರಲಿಲ್ಲ. ನಮ್ಮ ಗಂಡಸರು ಪ್ರೀತಿ ತೋರಿಸುವುದು ಪರಿಹಾರ ಕೊಟ್ಟು. ಹೆಂಗಸರೂ ಮಕ್ಕಳ ವಿಷಯದಲ್ಲಿ ಅದನ್ನೇ ಮಾಡುತ್ತಾರೆ. ಬೇಗ ಕೊಟ್ಟ ಪರಿಹಾರ ಎದುರಿನವರ ಬಾಯಿ ಮುಚ್ಚಿಸುತ್ತದೆ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಕೊಟ್ಟ ಸಲಹೆ ಇಷ್ಟೇ. ದಿನಕ್ಕೆ ಒಂದು ಪ್ರಶ್ನೆ, ನಿಮಗೆ ನಿಜಕ್ಕೂ ಉತ್ತರ ಗೊತ್ತಿಲ್ಲದ್ದು. ದುಡ್ಡು, ಊಟ, ಮಗಳ ಓದು ಇವು ಲೆಕ್ಕಕ್ಕಿಲ್ಲ. ಉತ್ತರ ಬಂದ ಮೇಲೆ ಬುದ್ಧಿವಾದ ಹೇಳಬಾರದು, ಆ ಉತ್ತರದೊಳಗಿಂದಲೇ ಇನ್ನೊಂದು ಪ್ರಶ್ನೆ ಹುಡುಕಬೇಕು. ಎದುರುಬದುರು ಕೂತು ಕೇಳಬೇಡಿ, ವಿಚಾರಣೆ ಆಗಿಬಿಡುತ್ತದೆ. ಸೊಪ್ಪು ಬಿಡಿಸುವಾಗ, ಬಟ್ಟೆ ಮಡಚುವಾಗ, ಸಂಜೆ ನಡೆಯುವಾಗ ಕೇಳಿ. ಏನೂ ಹೊಳೆಯದಿದ್ದರೆ ಅವರು ಮಾಡುತ್ತಿರುವ ಕೆಲಸವನ್ನೇ ಸ್ವಲ್ಪ ಹೊತ್ತು ನೋಡಿ.

"ಇಷ್ಟಕ್ಕೆ ಆಪ್ತಸಲಹೆ ಬೇಕಿತ್ತಾ?" ಅಂತ ಆಕೆಯ ಅಕ್ಕ ಕೇಳಿದರಂತೆ. ಬೇಕಿತ್ತು. ಸುಲಭವಾಗಿದ್ದರೆ ಇಷ್ಟು ವರ್ಷದಲ್ಲಿ ಇಬ್ಬರಲ್ಲಿ ಒಬ್ಬರಾದರೂ ಕೇಳಿರುತ್ತಿದ್ದರು. ಕುತೂಹಲ ಚಿಕ್ಕ ಮಕ್ಕಳಿಗೆ ಹುಟ್ಟಿನಿಂದ ಇರುತ್ತದೆ, ನಿಜ. ಆದರೆ ನಾವು ಬೆಳೆದದ್ದು ಜಾಸ್ತಿ ಪ್ರಶ್ನೆ ಕೇಳಿದರೆ "ಬಾಯಿ ಮುಚ್ಕೊಂಡು ಕೂತ್ಕೋ" ಅನ್ನಿಸಿಕೊಂಡು. ಮದುವೆಯಾದ ಮೇಲೆ ಕೇಳದೇ ಅರ್ಥ ಮಾಡಿಕೊಳ್ಳೋದೇ ಒಳ್ಳೆ ದಾಂಪತ್ಯ ಅಂತ ಹೇಳಿಕೊಟ್ಟರು. ಕೇಳದೇ ಅರ್ಥವಾಗುವುದು ಹಸಿವು, ತಲೆನೋವು. ಆಸೆ, ಹೆದರಿಕೆ ವರ್ಷ ವರ್ಷ ಬದಲಾಗುತ್ತವೆ. ಅವನ್ನು ಕೇಳಿಯೇ ತಿಳಿಯಬೇಕು.

ಒಂದು ಎಚ್ಚರಿಕೆ. ಇದನ್ನು ಓದಿ "ನಾನಂತೂ ದಿನಾ ಕೇಳ್ತೀನಿ, ಯಾರ ಜೊತೆ ಮಾತಾಡಿದೆ, ಎಲ್ಲಿಗೆ ಹೋಗಿದ್ದೆ, ಫೋನ್ ತೋರಿಸು" ಅನ್ನುವವರು ಇದ್ದಾರೆ. ಅದು ಕಾವಲು. ಕುತೂಹಲ ಇರುವವರು ಯಾವ ಉತ್ತರಕ್ಕೂ ಸಿದ್ಧರಿರುತ್ತಾರೆ, "ಹೇಳೋಕೆ ಇಷ್ಟ ಇಲ್ಲ" ಅನ್ನುವುದಕ್ಕೂ. ಪ್ರಶ್ನೆ ಕೇಳಿದರೆ ಹೊಡೆತ ಬೀಳುವ ಮನೆಯಲ್ಲಿ ಈ ಸಲಹೆ ಪ್ರಯೋಗಿಸಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಮನಸ್ಸೇ ಕುಸಿದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ, ಉಚಿತ, ದಿನದ ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು.

ಇವರ ಮನೆಯಲ್ಲಿ ಆಮೇಲೆ ಪ್ರಶ್ನೆ ತಿರುಗಿಯೂ ಬಂತು. ಅಂಗಡಿಯಲ್ಲಿ ಬಿಲ್ಲಿಂಗ್ ಪೂರಾ ಕಂಪ್ಯೂಟರಿಗೆ ಹೋಗಿದೆ, ಮಾಲೀಕರ ಮಗ ಬಂದು ಕೂರುತ್ತಿದ್ದಾನೆ, ಪಾರ್ಟ್ ನಂಬರುಗಳನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದ ಯಜಮಾನರಿಗೆ ತಮ್ಮ ಬೆಲೆ ಇಳಿಯಿತು ಅನ್ನಿಸಿದೆ. ಇದು ಹೆಂಡತಿಗೆ ಗೊತ್ತಾದದ್ದು ಅವರು ಕೇಳಿದ ಮೇಲೆಯೇ. ಟಿವಿ ಈಗಲೂ ಓಡುತ್ತದೆ. ಅತ್ತೆಯವರು ಯಾರ ಮನೆಯಲ್ಲಿರಬೇಕು ಅನ್ನುವ ಹಳೇ ವಿಷಯಕ್ಕೆ ಈಗ ಜೋರಾಗಿಯೇ ಜಗಳ ಆಗುತ್ತಿದೆ, ಮೊದಲಾದರೆ ಮೌನದಲ್ಲಿ ಮುಗಿಯುತ್ತಿತ್ತು. ಅದನ್ನು ಮಾತಾಡಲು ಮುಂದಿನ ತಿಂಗಳು ಇಬ್ಬರೂ ಬರುತ್ತಿದ್ದಾರೆ.