ಹಗ್ಗ ಕಟ್ಟದೆ ಸಾರವೆ ಹತ್ತುವ ಹುಡುಗರು

ತಮಿಳುನಾಡಿನ ತಾಳವಾಡಿಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: “ಭವಾನಿಸಾಗರದ ಶ್ರೀಲಂಕಾ ನಿರಾಶ್ರಿತರ ಶಿಬಿರದ ಹುಡುಗರು ಇಲ್ಲಿಗೆ ಪೇಂಟಿಂಗ್ ಕೆಲಸಕ್ಕೆ ಬರುತ್ತಾರೆ. ಹಗ್ಗ ಕಟ್ಟದೆ ಸಾರವೆ ಹತ್ತುತ್ತಾರೆ, ದಿಂಬಂ ಘಾಟಿಯಲ್ಲಿ ಬೈಕ್ ಹಾರಿಸುತ್ತಾರೆ. ಒಬ್ಬನಂತೂ ತಾಯಿಯ ಒಡವೆ ಅಡವಿಟ್ಟು ಕದ್ದು ವಿದೇಶಕ್ಕೆ ಸಾಗಿಸುವ ದೋಣಿ ಏಜೆಂಟನಿಗೆ ದುಡ್ಡು ಕೊಟ್ಟಿದ್ದಾನೆ. ಯುದ್ಧದಿಂದ ಪಾರಾಗಿ ಬಂದವರಿಗೆ ಜೀವದ ಬೆಲೆ ತಿಳಿಯಬೇಡವೇ?”

ಮೇಷ್ಟ್ರೇ, ಬೈಕಿನ ವಿಚಾರದಲ್ಲಿ ನೀವು ಹೇಳಿದ್ದು ಸರಿ. 27 ತಿರುವುಗಳ ಘಾಟಿಯಲ್ಲಿ ಎದುರಿಗೆ ಬರುವವನ ಜೀವವೂ ಜೀವವೇ. ಆದರೆ ನಿಮ್ಮ ಕೊನೆಯ ಪ್ರಶ್ನೆ ನನಗೆ ನೋವು ತಂದಿತು. ಮಕ್ಕಳ ಮುಖ ನೋಡಿಯೇ ಹಸಿವು ಕಂಡುಹಿಡಿಯುತ್ತಿದ್ದ ನೀವು ಹೀಗೆ ಕೇಳಬಾರದಿತ್ತು.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯನ್ನು ಪರಿಷ್ಕರಿಸಿದಾಗ, ಆಘಾತದ ನಂತರ ಉಳಿಯುವ ಕಾಯಿಲೆಯ ಲಕ್ಷಣಗಳಲ್ಲಿ ಜೀವದ ಹಂಗಿಲ್ಲದ ನಡವಳಿಕೆಯನ್ನೂ ಸೇರಿಸಿತು. ನಮ್ಮ ಕಣ್ಣಿಗೆ ಸೊಕ್ಕಾಗಿ ಕಾಣುವುದು ಎಷ್ಟೋ ಸಲ ಗಾಯ. ಬುರುಂಡಿಯಲ್ಲಿ ಹಿಂಸೆ ಕಂಡ ಹಳ್ಳಿಗಳ ಜನ ದುಡ್ಡಿನ ಪಂದ್ಯದಲ್ಲಿ ಹೆಚ್ಚು ಅಪಾಯಕ್ಕೆ ಕೈಹಾಕಿದರೆಂದು 2012ರ ಅಧ್ಯಯನವೊಂದು ಹೇಳುತ್ತದೆ. ಅಫ್ಘಾನಿಸ್ತಾನದಲ್ಲಿ ಇದಕ್ಕೆ ತದ್ವಿರುದ್ಧ: ಹಿಂಸೆ ಕಂಡವರಿಗೆ ಹಳೆಯ ಭಯ ನೆನಪಿಸಿದರೆ, ಕಡಿಮೆಯಾದರೂ ಖಾತ್ರಿಯಾಗಿ ಸಿಗುವುದನ್ನೇ ಬಯಸಿದರು.

ಎರಡೂ ಒಂದೇ ಮನೆಯಲ್ಲಿರುವುದನ್ನು ನಾನು ಕಂಡಿದ್ದೇನೆ. ಹೋದ ವರ್ಷ ನಿಮ್ಮ ಕಡೆ ನೆಂಟರ ಮನೆಗೆ ಹೋಗಿದ್ದಾಗ ಅದೇ ಶಿಬಿರದ ಪೇಂಟರ್ ಒಬ್ಬ ಸಿಕ್ಕಿದ. ಅವನ ತಾಯಿ 1990ರಲ್ಲಿ ಕಡಲು ದಾಟಿ ಬಂದವರು. ಇಂದಿಗೂ ಕಾಗದಪತ್ರವನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಲೆದಿಂಬಿನ ಕೆಳಗಿಟ್ಟೇ ಮಲಗುತ್ತಾರಂತೆ. ಮಗ ಎರಡನೇ ಮಹಡಿಯೆತ್ತರದಲ್ಲಿ ಬರಿಗಾಲಲ್ಲಿ ನಿಂತಿದ್ದ. “ಬಿದ್ದರೆ ಏನಪ್ಪಾ ಗತಿ?” ಎಂದೆ. “ಬೀಳದಿದ್ದರೆ ಮಾತ್ರ ಏನಾಗುತ್ತೆ ಸಾರ್?” ಎಂದ.

ಅವನು ಯುದ್ಧ ಕಂಡವನಲ್ಲ, ಶಿಬಿರದಲ್ಲೇ ಹುಟ್ಟಿದವನು. ಇಲ್ಲೇ ನನ್ನ ಮಾತಿರುವುದು, ಮೇಷ್ಟ್ರೇ. ನಿರಾಶ್ರಿತರ ಮನಸ್ಸಿನ ಬಗ್ಗೆ ನಡೆದ ಹತ್ತಾರು ಅಧ್ಯಯನಗಳನ್ನು 2005ರಲ್ಲಿ ಒಟ್ಟಿಗಿಟ್ಟು ನೋಡಿದಾಗ, ಖಾಯಂ ಸೂರಿಲ್ಲದವರ, ದುಡಿಮೆಗೆ ಅಡ್ಡಿಯಿದ್ದವರ ಮನಸ್ಸೇ ಹೆಚ್ಚು ಕುಗ್ಗಿತ್ತು. ಬಾಂಬು ನಿಂತ ಮೇಲೂ ಕಾಯುವಿಕೆ ಜೀವ ಹಿಂಡುತ್ತದೆ. ತಮಿಳುನಾಡಿಗೆ ಶ್ರೀಲಂಕಾದ ನಿರಾಶ್ರಿತರು ಬರತೊಡಗಿದ್ದು 1983ರಲ್ಲಿ. 1951ರ ನಿರಾಶ್ರಿತರ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕಿಲ್ಲ. 1987ರ ಜುಲೈ 1ರಿಂದೀಚೆಗೆ ಹುಟ್ಟಿದವರಿಗೆ, ತಂದೆತಾಯಿಯಲ್ಲೊಬ್ಬರು ಭಾರತೀಯರಾಗಿರದಿದ್ದರೆ, ಇಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವವಿಲ್ಲ. ಪೌರತ್ವ ಕಾಯ್ದೆಯ 2019ರ ತಿದ್ದುಪಡಿಯಲ್ಲೂ ಶ್ರೀಲಂಕಾದ ಹೆಸರಿಲ್ಲ. ಅದೇ ವರ್ಷ ಜನವರಿಯಲ್ಲಿ, ಶ್ರೀಲಂಕಾ ತಮಿಳರೂ ಇದ್ದ ದೋಣಿಯೊಂದು ಕೇರಳದ ಮುನಂಬಂನಿಂದ ಹೊರಟು ಕಾಣೆಯಾಯಿತು. ಆ ಸುದ್ದಿ ಶಿಬಿರದ ಹುಡುಗರಿಗೆ ನಮಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಏಜೆಂಟನ ಬಾಗಿಲು ತಟ್ಟುತ್ತಾರೆಂದರೆ ದಡದ ಬದುಕು ಅವರಿಗೆ ಹೇಗಿರಬೇಕು, ಯೋಚಿಸಿ.

ಇವರ ನೋವು ಕೇಳುವವರಾದರೂ ಯಾರು? ಕಾಸರಗೋಡಿನವನಾದ ನನಗೆ ಈ ಸಂಕಟದ ಒಂದು ಎಳೆ ಗೊತ್ತು. ಇಲ್ಲಿನ ಹಿರಿಯರು ಮನಸ್ಸಿನ ಕಳವಳಕ್ಕೆ ‘ಮಂಡೆಬೆಚ್ಚ’ ಅನ್ನುತ್ತಾರೆ. ಮಗನನ್ನು ಕಳೆದುಕೊಂಡ ನನ್ನ ಅತ್ತೆಯನ್ನು ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆ. ಡಾಕ್ಟರು ಮಲಯಾಳದಲ್ಲಿ ಕೇಳಿದರು. ಅತ್ತೆ “ಎಂತದೂ ಇಲ್ಲ” ಎಂದು ಗ್ಯಾಸಿನ ಮಾತ್ರೆ ಹಿಡಿದು ಮನೆಗೆ ಬಂದರು. 1956ರಿಂದ ಕೇರಳದಲ್ಲಿರುವ ನಮಗೇ ನಮ್ಮ ನುಡಿಯಲ್ಲಿ ಅಳಲು ಇಷ್ಟು ಕಷ್ಟ. ಶಿಬಿರದವರಿಗೆ ತಮಿಳಿದೆ, ಕೂತು ಕೇಳುವ ಕಿವಿಯಿಲ್ಲ.

ಅಂದಹಾಗೆ, ನೀವು ಬರೆದ ಆ ಹುಡುಗನ ತಾಯಿಯ ಒಡವೆ ಬಿಡಿಸಿಕೊಂಡರೇ? ಹುಡುಗ ಇನ್ನೂ ಊರಲ್ಲೇ ಇದ್ದಾನೆಯೇ? ಮುಂದಿನ ಸಲ ಪೇಂಟಿಂಗಿಗೆ ಬಂದಾಗ ಚಹಾ ಕೊಟ್ಟು ಕೂರಿಸಿ, ಕೇಳಿ, ನನಗೆ ಬರೆಯಿರಿ.